ಚಿಕ್ಕಮ್ಮನಿಗೆ ಹೆದರುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಷ್ಟು ಹೆಂಡತಿಗೆ ಹೆದರುವ ಗಂಡಸು ಹಲಸೂರಿನಿಂದ ಕೆ.ಆರ್. ಪುರದವರೆಗೆ ಮನೆ ಮನೆ ಹುಡುಕಿದರೂ ನಿಮಗೆ ಸಿಗಲಾರ. ಹೆದರಲಿ ಬಿಡಿ, ಯಾವ ಗಂಡ ಹೆದರುವುದಿಲ್ಲ? ಆದರೆ ನಮ್ಮ ಚಿಕ್ಕಮ್ಮ ತೀರಿಕೊಂಡು ಒಂದೂವರೆ ವರ್ಷವಾಗಿದೆ!

ಮರ್ಫಿ ಟೌನಿನ ಮನೆಯಲ್ಲಿ ಈಗ ಅವರೊಬ್ಬರೇ. ಬೆಳಗಾದರೆ ಚೀಲ ಹಿಡಿದು ರಸೆಲ್ ಮಾರುಕಟ್ಟೆಗೆ ಹೊರಡುತ್ತಾರೆ. ಒಬ್ಬರ ಅಡುಗೆಗೆ ಕಾಲು ಕಿಲೋ ಬೀನ್ಸ್ ಸಾಕು; ಅದನ್ನು ಆರಿಸಲು ಮುಕ್ಕಾಲು ಗಂಟೆ. "ಎಳೇದು ನೋಡಿ ಹಾಕಪ್ಪ. ನಾರು ಸಿಕ್ಕಿದ್ರೆ ನಮ್ಮೋಳು ತಟ್ಟೆ ಸಮೇತ ನನ್ನ ಆಚೆ ಹಾಕ್ತಾಳೆ" ಎನ್ನುತ್ತಾರೆ. ತರಕಾರಿ ಅಂಗಡಿಯ ಭಾಯಿ ಪಾಪ, ನಂಬಿದ್ದಾರೆ. ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ ಚಾಚಿಗೆ ಸ್ವಲ್ಪ ಹೇಳಿ ಸಾರ್, ವಯಸ್ಸಾದೋರ್ನ ಹಿಂಗೆಲ್ಲ ಬೈಬಾರ್ದು" ಎಂದರು. ಹೇಳುತ್ತೇನೆ ಎಂದು ತಲೆಯಾಡಿಸಿ ಬಂದೆ. ಇನ್ನೇನು ಮಾಡಲಿ? ಚಿಕ್ಕಮ್ಮ ದನಿ ಎತ್ತಿದ್ದನ್ನು ನಮ್ಮ ವಂಶದಲ್ಲಿ ಕೇಳಿದವರೇ ಇಲ್ಲ.

ಮಾರತ್ತಹಳ್ಳಿ ಬಸ್ಸಿನಲ್ಲಿ ಇನ್ನೊಂದು ಕಥೆ. ಅವತ್ತು ನಾನೂ ಜೊತೆಗಿದ್ದೆ. ಪಕ್ಕದಲ್ಲಿ ಕೂತ, ಕೊರಳಲ್ಲಿ ಐ.ಡಿ. ಕಾರ್ಡು ಹಾಕಿದ್ದ ತರುಣನಿಗೆ, "ಆರು ಗಂಟೆ ದಾಟಿದ್ರೆ ಅವಳು ಬಾಗಿಲು ತೆಗೆಯಲ್ಲಪ್ಪ" ಎಂದು ಎಂಥ ದೀನ ಮುಖ ಮಾಡಿ ಹೇಳಿದರೆಂದರೆ, ಆತ ಗಾಬರಿಯಾಗಿ ತನ್ನ ಹೆಂಡತಿಗೆ ಫೋನ್ ಮಾಡಿ ಸುಮ್ಮಸುಮ್ಮನೆ ಸಾರಿ ಕೇಳಿದ. ಚಿಕ್ಕಪ್ಪ ಕೊನೆಯ ಸ್ಟಾಪಿನಲ್ಲಿ ಇಳಿದು, ಅದೇ ಬಸ್ಸಿಗೆ ವಾಪಸು ಹತ್ತಿದರು. ಅವರಿಗೆ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಬಾಗಿಲು ತೆಗೆಯುವವರಿಲ್ಲ ಎಂಬುದಂತೂ ಸುಳ್ಳಲ್ಲ. ಬೀಗದ ಕೈ ಅವರ ಜೇಬಿನಲ್ಲೇ ಇತ್ತು.

ಇಂಥ ಕಥೆಗಾರರು ಈ ಸಲದ ಮಹಾಲಯ ಅಮಾವಾಸ್ಯೆಯ ದಿನ ಸಿಕ್ಕಿಬಿದ್ದರು. ಅವತ್ತು ತೀರಿಹೋದವರಿಗೆ ಎಡೆ ಇಡಬೇಕು. ಅವರಿಗೆ ಇಷ್ಟವಾಗಿದ್ದುದನ್ನೇ ಮಾಡಿ ಬಡಿಸಬೇಕು. ಹೊಸ ಸೀರೆ ಇಟ್ಟಾಗಿತ್ತು, ಬಾಳೆಲೆ ಹಾಸಿಯಾಗಿತ್ತು. ಅಡುಗೆಗೆಂದು ಬಂದಿದ್ದ ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಕೇಳಿದಳು, "ಅತ್ತೆಗೆ ಏನಿಷ್ಟ ಇತ್ತು, ಮಾವ?"

ಊರಿಗೆಲ್ಲ ಕಥೆ ಹಂಚಿದ ಚಿಕ್ಕಪ್ಪನಿಗೆ ಒಂದು ಪಲ್ಯದ ಹೆಸರೂ ಹೊಳೆಯಲಿಲ್ಲ.

"ಗೊತ್ತಿಲ್ಲಮ್ಮ" ಎಂದರು. "ನಲವತ್ತು ವರ್ಷ ನಂಗೆ ಬಡಿಸಿದ್ಲು. ನಾನು ಕೈ ತೊಳ್ಕೊಂಡು ಎದ್ದೋದ್ಮೇಲೆ ತಾನು ತಿಂತಿದ್ಲು. ಏನು ತಿಂದ್ಲೋ, ನಾನು ನೋಡೇ ಇಲ್ಲ. ಒಂದಿನ ನನ್ನ ಬೈದು, ಇಂಥದ್ದು ಬೇಕು ಅಂತ ಅವಳು ಕೇಳಿದ್ರೂ ಗೊತ್ತಾಗ್ತಿತ್ತು."

ಚಿಕ್ಕಮ್ಮನ ಕೈತುತ್ತು ತಿಂದು ಬೆಳೆದವನು, ನಾನಾದರೂ ಕೇಳಿದ್ದೆನೇ? ನನಗೂ ಗೊತ್ತಿರಲಿಲ್ಲ. ಆದರೂ ಬಾಯಿಂದ ಬಂದುಬಿಟ್ಟಿತು. "ಹೀರೇಕಾಯಿ ಬಜ್ಜಿ, ಚಿಕ್ಕಪ್ಪ. ನೀವು ಹೊರಗಡೆ ಹೋದಾಗ ನಾವಿಬ್ರೂ ಮಾಡ್ಕೊಂಡು ತಿಂತಿದ್ವಿ. ನಿಮಗೆ ಹೇಳ್ಬೇಡ ಅಂದಿದ್ರು."

ಸುಳ್ಳು ಹೊಸೆಯುವುದರಲ್ಲಿ ಪಳಗಿದವರಿಗೆ ನನ್ನ ಸುಳ್ಳು ತಿಳಿಯದೆ ಇರುತ್ತದೆಯೇ? ಆದರೂ ಮಣೆ ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕೂತರು.

"ಬಿಸಿಬಿಸಿ ತಿಂತಿದ್ಲಾ?" ಎಂದು ಕೇಳಿದರು.