ರವಿಯೋಲಿ ಕರಾರು

ಇಷ್ಟಕ್ಕೆಲ್ಲ ಕಾರಣ ಹನ್ನೊಂದು ಗಂಟೆಯ ಕಾಫಿ.

ರಾಮಪ್ರಸಾದರು ಮೂವತ್ತನಾಲ್ಕು ವರ್ಷ ಪತ್ರ ಬರಹಗಾರರಾಗಿದ್ದವರು. ನೋಂದಣಿ ಕಚೇರಿಯ ಎದುರಿನ ಮಳಿಗೆಯಲ್ಲಿ ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದೂ ಬರೆದೂ ಬನಶಂಕರಿಯ ಅರ್ಧ ಸೈಟುಗಳ ಚಕ್ಕುಬಂದಿ ಅವರಿಗೆ ಬಾಯಿಪಾಠವಾಗಿತ್ತು. ಅಷ್ಟು ವರ್ಷವೂ ಹನ್ನೊಂದು ಗಂಟೆ ಹೊಡೆಯುತ್ತಿದ್ದ ಹಾಗೆ ಪಕ್ಕದ ಹೋಟೆಲಿನಿಂದ ಅವರ ಮೇಜಿಗೆ ಒಂದು ಲೋಟ ಕಾಫಿ ಬಂದು ಕೂರುತ್ತಿತ್ತು. ಎಲ್ಲವೂ ಕಂಪ್ಯೂಟರಿಗೆ ಹೋದ ಮೇಲೆ ಮಳಿಗೆ ಮುಚ್ಚಿ ಹೊಸಕೆರೆಹಳ್ಳಿ ಕಡೆಯ ತಮ್ಮ ಮನೆಯಲ್ಲಿ ಕೂತರು. ಕೆಲಸ ಹೋದದ್ದಕ್ಕೆ ಅವರಿಗೆ ಅಷ್ಟೇನೂ ದುಃಖವಾಗಲಿಲ್ಲ. ಕಾಫಿ ಹೋದದ್ದಕ್ಕೆ ಮಾತ್ರ ಹೊಟ್ಟೆ ಉರಿಯಿತು.

ಹೆಂಡತಿ ವಾರಿಜಾ ಬೆಳಿಗ್ಗೆ ಆರಕ್ಕೊಂದು, ಸಂಜೆ ನಾಲ್ಕಕ್ಕೊಂದು ಕಾಫಿ ಕೊಡುತ್ತಿದ್ದರು. ಹನ್ನೊಂದು ಗಂಟೆ ಅವರು ಭಜನಾ ಮಂಡಳಿಯ ಹಾಡುಗಳನ್ನು ಅಭ್ಯಾಸ ಮಾಡುವ ಹೊತ್ತು. "ಒಂದ್ಸಲ ಹಾಡೋಕೆ ಕೂತ್ರೆ ನಾನು ಏಳಲ್ಲ ರೀ" ಎಂದುಬಿಟ್ಟಿದ್ದರು. ಹಾಗಾದರೆ ನಾನೇ ಮಾಡಿಕೊಳ್ಳುತ್ತೇನೆ ಎಂದು ಕಳೆದ ವಾರ ರಾಮಪ್ರಸಾದರು ಅಡುಗೆಮನೆಗೆ ನುಗ್ಗಿದ್ದರು. ಹಾಲು ಉಕ್ಕಿ, ಒಲೆ ಆರಿ, ಗ್ಯಾಸಿನ ವಾಸನೆ ರಸ್ತೆಯವರೆಗೂ ಹೋಗಿ, ಪಕ್ಕದ ಮನೆಯ ಮರಿಯಮ್ಮ ಒದ್ದೆ ಗೋಣಿಚೀಲ ಹಿಡಿದುಕೊಂಡು ಓಡಿಬಂದಿದ್ದರು. ಅವತ್ತಿನಿಂದ ರಾಮಪ್ರಸಾದರಿಗೆ ಅಡುಗೆಮನೆ ಪ್ರವೇಶ ಬಂದ್ ಆಗಿತ್ತು.

ಹೀಗಿರುವಾಗ ಶುಕ್ರವಾರ ಸಂಜೆ ಅವರ ಮೊಬೈಲಿನಲ್ಲಿ ಇಟಲಿಯ ಅಜ್ಜಿಯೊಬ್ಬಳು ರವಿಯೋಲಿ ಮಾಡುವ ವಿಡಿಯೋ ಬಂತು. ಅಜ್ಜಿ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಸಾಲಾಗಿ ಹೂರಣದ ಉಂಡೆ ಇಟ್ಟು, ಮೇಲೊಂದು ಹಾಳೆ ಹೊದಿಸಿ, ಚೌಕ ಚೌಕವಾಗಿ ಕತ್ತರಿಸಿ, ಕುದಿಯುವ ನೀರಿನಲ್ಲಿ ಬೇಯಿಸಿ, ಮೇಲೆ ಕಾಯಿಸಿದ ಬೆಣ್ಣೆ ಸುರಿದಳು.

"ಇದೇನು ಮಹಾ! ನಮ್ಮ ಕಡುಬಿಗೆ ದಾಯಾದಿ ಅಷ್ಟೆ. ನಾನೂ ಮಾಡ್ತೀನಿ" ಎಂದರು ರಾಮಪ್ರಸಾದರು.

ವಾರಿಜಾ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. "ಹಾಲು ಕಾಯಿಸೋಕೆ ಬರದವರು ರವಿಯೋಲಿ ಮಾಡ್ತಾರಂತೆ!"

"ಮಾಡಿದ್ರೆ?"

"ಮಾಡಿದ್ರೆ ಅಡುಗೆಮನೆ ನಿಮ್ದೇ. ಎಷ್ಟು ಸಲ ಬೇಕಾದ್ರೂ ಕಾಫಿ ಮಾಡ್ಕೊಳ್ಳಿ. ನಾಳೆ ನಾಲ್ಕಕ್ಕೆ ಮಂಡಳಿಯವರು ಬರ್ತಾರೆ. ಅವರೆಲ್ಲ ತಿಂದು ಚೆನ್ನಾಗಿದೆ ಅನ್ಬೇಕು. ಅನ್ನಲಿಲ್ವೋ, ಹನ್ನೊಂದು ಗಂಟೆ ಕಾಫಿ ಸುದ್ದಿ ಈ ಜನ್ಮದಲ್ಲಿ ಎತ್ತಕೂಡದು."

"ಬರೆದು ಕೊಡ್ತೀಯಾ?"

"ನೀವೇ ಬರೀರಿ. ನಾನು ಸೈನ್ ಹಾಕ್ತೀನಿ."

ಬರೆಯುವುದು ಎಂದರೆ ಸಾಕು, ರಾಮಪ್ರಸಾದರ ಬೆನ್ನು ತಾನಾಗಿ ನೆಟ್ಟಗಾಯಿತು. ಎಷ್ಟೋ ತಿಂಗಳ ಮೇಲೆ ಪೆನ್ನಿನ ಮುಚ್ಚಳ ತೆಗೆದರು. ಕೇಳಬೇಕಾಗಿದ್ದದ್ದು ಒಂದು ಲೋಟ ಕಾಫಿ. ಆದರೆ ಒಂದು ಲೋಟ ಕಾಫಿಗೆ ಕರಾರುಪತ್ರ ಬರೆಯುವುದು ಅವರಂಥ ಬರಹಗಾರರ ಮರ್ಯಾದೆಗೆ ಸಾಲದು. ಆದ್ದರಿಂದ ಮುತ್ತಿನಂಥ ಅಕ್ಷರದಲ್ಲಿ ಹೀಗೆ ಬರೆದರು: 'ರವಿಯೋಲಿ ಮಂಡಳಿಯವರಿಗೆ ಮೆಚ್ಚಿಗೆಯಾದಲ್ಲಿ, ಸದರಿ ಮನೆಯ ಆಗ್ನೇಯ ಮೂಲೆಯಲ್ಲಿರುವ ಅಡುಗೆಮನೆಯನ್ನು, ಅದರೊಳಗಿನ ಒಲೆ, ಫಿಲ್ಟರು, ಪಾತ್ರೆಪಗಡಿ ಸಮೇತ, ಸಕಲ ಹಕ್ಕು ಬಾಧ್ಯತೆಗಳೊಂದಿಗೆ, ಆಚಂದ್ರಾರ್ಕವಾಗಿ ರಾಮಪ್ರಸಾದರ ಸ್ವಾಧೀನಕ್ಕೆ ಬಿಟ್ಟುಕೊಡತಕ್ಕದ್ದು. ಇದಕ್ಕೆ ಉಭಯತ್ರರ ಒಪ್ಪಿಗೆ ಇದೆ.'

ವಾರಿಜಾ ಅದನ್ನು ಎರಡು ಸಲ ಓದಿದರು. ಒಂದು ಕಡೆ ಬೆರಳಿಟ್ಟು ಮತ್ತೊಮ್ಮೆ ಓದಿ, ಆಮೇಲೆ ಸಹಿ ಹಾಕಿದರು. ರಾಮಪ್ರಸಾದರೂ ಸಹಿ ಹಾಕಿದರು. ಪತ್ರ ಕ್ಯಾಲೆಂಡರಿನ ಹಿಂದೆ ಹೋಗಿ ಕೂತಿತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ರಾಮಪ್ರಸಾದರು ಲುಂಗಿ ಎತ್ತಿ ಕಟ್ಟಿ ಅಡುಗೆಮನೆಗೆ ಇಳಿದರು. ವಾರಿಜಾ ನಡುಮನೆಯ ಸೋಫಾದಲ್ಲಿ, ಅಡುಗೆಮನೆ ಪೂರ್ತಿ ಕಾಣುವ ಜಾಗದಲ್ಲಿ, ಮೊಬೈಲ್ ಹಿಡಿದು ಕೂತರು. "ನಾಲ್ಕು ಗಂಟೆವರೆಗೂ ನಾನು ಒಳಗೆ ಕಾಲಿಡಲ್ಲಪ್ಪ" ಎಂದರು.

ಅಜ್ಜಿ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿದ್ದಳು. ಈ ಮನೆಯಲ್ಲಿ ಅದು ಸಾಧ್ಯವಿರಲಿಲ್ಲವಾದ್ದರಿಂದ ರಾಮಪ್ರಸಾದರು ಅದರ ಬದಲು ಮೈದಾಕ್ಕೆ ನೀರು ಹಾಕಿದರು. ಎಷ್ಟು ಎಂದು ಗೊತ್ತಿಲ್ಲದ್ದರಿಂದ ಉದಾರವಾಗಿಯೇ ಹಾಕಿದರು. ಐದು ನಿಮಿಷದಲ್ಲಿ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿ ಸಿಕ್ಕಿಕೊಂಡವು. ಬಲಗೈಯನ್ನು ಎಡಗೈಯಿಂದ ಬಿಡಿಸಲು ಹೋದರೆ ಎಡಗೈ ಹಿಡಿದುಕೊಂಡಿತು. ನಡುಮನೆಯಲ್ಲಿ ವಾರಿಜಾ ಮೊಬೈಲಿನಲ್ಲಿ ಏನೋ ಟಪಟಪ ಒತ್ತುತ್ತಿದ್ದರು. ನನ್ನ ಫಜೀತಿಯನ್ನು ಊರಿಗೆಲ್ಲ ಹಂಚುತ್ತಿದ್ದಾಳೆ ಎಂದು ರಾಮಪ್ರಸಾದರು ಹಲ್ಲು ಕಚ್ಚಿದರು.

ಅಷ್ಟರಲ್ಲಿ ಬೆಲ್ ಆಯಿತು. ಮೊಣಕೈಯಿಂದಲೇ ಚಿಲಕ ತೆಗೆದರು. ಮಹಡಿಯ ಮೇಲೆ ಬಾಡಿಗೆಗಿದ್ದ ಅರ್ಪಿತ, ಕಾಲೇಜಿನಲ್ಲಿ ಪಾಠ ಮಾಡುವ ಹುಡುಗಿ, ಬಟ್ಟಲು ಹಿಡಿದು ಏದುಸಿರು ಬಿಡುತ್ತ ನಿಂತಿದ್ದಳು.

"ಅಂಕಲ್, ಒಂದ್ ಸ್ವಲ್ಪ ಸಕ್ಕರೆ... ಅಯ್ಯೋ, ಹಿಟ್ಟು ನೀರಾಗಿದ್ಯಲ್ಲಾ! ಚಿರೋಟಿ ರವೆ ಹಾಕಿ ಅಂಕಲ್, ಗಟ್ಟಿಯಾಗತ್ತೆ."

"ಎಲ್ಲಿ ತರ್ಲಮ್ಮ ಈ ಕೈ ಇಟ್ಕೊಂಡು?"

"ನನ್ ಹತ್ರ ಇದೆ" ಎಂದು ಅವಳು ಬಟ್ಟಲನ್ನು ಹಿಟ್ಟಿಗೆ ಸುರಿದೇಬಿಟ್ಟಳು. ಒಂದು ಚಮಚ ಎಣ್ಣೆ ಬಿಟ್ಟು, ನಾದಿ, ಒದ್ದೆ ಬಟ್ಟೆ ಮುಚ್ಚಿ, "ಅರ್ಧ ಗಂಟೆ ಮುಟ್ಬೇಡಿ" ಎಂದು ಹೊರಟುಹೋದಳು. ಸಕ್ಕರೆ ಕೇಳಲು ಬಂದವಳ ಬಟ್ಟಲಿನಲ್ಲಿ ಆಗಲೇ ರವೆ ಹೇಗಿತ್ತು ಎಂದು ರಾಮಪ್ರಸಾದರು ಯೋಚಿಸಲಿಲ್ಲ. ಸಕ್ಕರೆ ಅವಳು ಒಯ್ಯಲೂ ಇಲ್ಲ.

ಹನ್ನೊಂದು ಹೊಡೆಯಿತು. ರಾಮಪ್ರಸಾದರು ಫಿಲ್ಟರಿನ ಕಡೆ ಒಮ್ಮೆ ನೋಡಿ, ನಾಳೆ ಇದೇ ಹೊತ್ತಿಗೆ, ಎಂದುಕೊಂಡರು. ಪಾಲಕ್ ಬಾಡಿಸಿ ಹಿಂಡಿ, ಪನೀರು ಪುಡಿ ಮಾಡಿ, ಜಾಯಿಕಾಯಿ ತೇಯ್ದು ಹಾಕಿದರು. ಹೂರಣ ನೋಡಲು ಅಜ್ಜಿಯದರಂತೆಯೇ ಇತ್ತು. ಅವರ ಮನಸ್ಸು ಹೂವಾಯಿತು.

ಲಟ್ಟಿಸುವಾಗ ಮತ್ತೆ ಮುದುಡಿತು. ಅಜ್ಜಿಯ ಹಾಳೆಯ ಮೂಲಕ ಅವಳ ಬೆರಳು ಕಾಣುತ್ತಿತ್ತು. ಇವರದರ ಮೇಲೆ ಮಣೆ ಹಾಕಿ ಕೂರಬಹುದಿತ್ತು. ಬಲವಾಗಿ ಒತ್ತಿದ್ದಕ್ಕೆ ಹಾಳೆ ಕಟ್ಟೆಯ ಕಲ್ಲಿಗೇ ಅಂಟಿಕೊಂಡಿತು. ಕೆರೆಯಲು ದೋಸೆ ಮಗುಚುವ ಕೈ ಹುಡುಕುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಮರಿಯಮ್ಮ ಒಳಗೆ ಬಂದರು. ಮರಿಯಮ್ಮ ಮತ್ತು ಅವರ ಗಂಡ ಬೋರಣ್ಣ ಹಳೇ ಹೊಸಕೆರೆಹಳ್ಳಿಯವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲೇ ಮೂರಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟು ತಾವು ಕೆಳಗಿದ್ದರು.

"ಹಿಂಗೇ ಹೊಂಟಿದ್ದೆ, ಕರಿಬೇವು ಕೇಳಾನ ಅಂತ ಬಂದೆ" ಎಂದರು ಮರಿಯಮ್ಮ. ಅವರ ಒಂದು ಕೈಯಲ್ಲಿ ಲಟ್ಟಣಿಗೆ, ಇನ್ನೊಂದು ಕೈಯಲ್ಲಿ ಕರ್ಜಿಕಾಯಿ ಕತ್ತರಿಸುವ ಹಲ್ಲುಚಕ್ರ ಇತ್ತು. ಬಾಯಿಗೆ ಒಂದಿಷ್ಟು ಹೂರಣ ಹಾಕಿಕೊಂಡು ಮುಖ ಕಿವುಚಿದರು. "ಉಪ್ಪೇ ಇಲ್ವಲ್ಲ ಸಾಮಿ! ಸರೀರಿ ಅತ್ಲಾಗೆ."

"ಮರಿಯಮ್ಮನೋರೇ, ಇದು ನಾನೇ ಮಾಡ್ಬೇಕು, ಕರಾರಾಗಿದೆ..."

"ನೀವೇ ಮಾಡಿ, ಯಾರ್ ಬ್ಯಾಡ ಅಂದ್ರು? ನಾನು ಹಿಟ್ಟು ಮಾತ್ರ ಲಟ್ಟುಸ್ತೀನಿ."

ಹಿಟ್ಟು ಮಾತ್ರ ಲಟ್ಟಿಸುತ್ತೇನೆಂದವರು ಕತ್ತರಿಸಿದರು. ಮೊದಲು ಹಾಕಿದ ಎರಡು ರವಿಯೋಲಿ ಕುದಿನೀರಿನಲ್ಲಿ ಬಾಯಿಬಿಟ್ಟು ನೀರೆಲ್ಲ ಪಾಲಕ್ ಸಾರಾದಾಗ, "ಗಾಳಿ ಉಳ್ಕಂಡ್ರೆ ಒಡೀತದೆ, ಅಂಚಿಗೆ ನೀರು ಹಚ್ಚಿ ಒತ್ತಬೇಕು" ಎಂದು ಕೈಹಿಡಿದು ತೋರಿಸಿದರು. ಮೂರನೆಯದನ್ನು ರಾಮಪ್ರಸಾದರೇ ಒತ್ತಿದರು. ಅದು ನೀರಿನಲ್ಲಿ ಮುಳುಗಿ, ಒಂದೆರಡು ನಿಮಿಷ ಯೋಚನೆ ಮಾಡಿ, ಇಡಿಯಾಗಿ ತೇಲಿ ಮೇಲೆ ಬಂತು.

"ತೇಲ್ತು! ತೇಲ್ತು ಕಣೇ ವಾರಿಜಾ!" ಎಂದು ಅವರು ಕೂಗಿದ್ದು ಎದುರು ಮನೆಯ ತಾರಸಿಯವರೆಗೂ ಕೇಳಿಸಿತು.

"ನಾನೇನೂ ನೋಡ್ತಿಲ್ಲ" ಎಂದರು ವಾರಿಜಾ, ಮೊಬೈಲಿನಿಂದ ಕಣ್ಣು ತೆಗೆಯದೆ.

ಅರವತ್ತು ರವಿಯೋಲಿ ಒತ್ತಿ ಮುಗಿಸುವ ಹೊತ್ತಿಗೆ ಮೂರೂವರೆ. ಉಳಿದದ್ದು ಬೆಣ್ಣೆಯ ಸಾಸ್. ಅಜ್ಜಿ ಅದಕ್ಕೆ ಯಾವುದೋ ಬೂದುಬಣ್ಣದ ಎಲೆ ಹಾಕಿದ್ದಳು. ಆ ಎಲೆ ಜಯನಗರದ ಕಾಂಪ್ಲೆಕ್ಸಿನಲ್ಲೂ ಸಿಕ್ಕಿರಲಿಲ್ಲ. ಬರಿಯ ಬೆಣ್ಣೆಯೇ ಸಾಕೆಂದು ರಾಮಪ್ರಸಾದರು ದೊಡ್ಡ ಉಂಡೆಯನ್ನು ಬಾಣಲೆಗೆ ಹಾಕಿ ಒಂದು ಗಳಿಗೆ ಬೆವರು ಒರೆಸಿಕೊಂಡರು. ಅಷ್ಟರಲ್ಲಿ ಬೆಣ್ಣೆ ನೊರೆ ಎದ್ದು, ನೊರೆ ಇಳಿದು, ತಳದಲ್ಲಿ ಕಂದು ಗಸಿ ಕಟ್ಟತೊಡಗಿತು.

"ಸೀದು ಹೋಯ್ತು!" ಎಂದು ಅವರು ಒಲೆ ಆರಿಸಲು ಕೈ ಚಾಚಿದರು.

"ಎಲ್ಲಿ ಸೀದೈತೆ? ತುಪ್ಪ ಆಗ್ತಾ ಐತೆ" ಎಂದ ಮರಿಯಮ್ಮ ಸೆರಗಿನ ಮರೆಯಿಂದ ಒಂದು ಹಿಡಿ ನುಗ್ಗೆಸೊಪ್ಪು ತೆಗೆದು ಬಾಣಲೆಗೆ ಎಸೆದರು. ಸೊಪ್ಪು ಚಟಪಟನೆ ಸಿಡಿಯಿತು.

"ಏನ್ ಮಾಡಿದ್ರಿ ಮರಿಯಮ್ಮನೋರೇ! ಇಟಲಿ ಅಡುಗೆಗೆ ನುಗ್ಗೆಸೊಪ್ಪಾ?"

"ಬೆಣ್ಣೆ ಕಾಯ್ಸೋವಾಗ ನುಗ್ಗೆಸೊಪ್ಪು ಹಾಕ್ದೆ ಇರೋ ಊರು ಯಾವ್ದಾದ್ರೂ ಐತಾ ಸಾಮಿ?"

ರಾಮಪ್ರಸಾದರು ತಲೆಯ ಮೇಲೆ ಕೈಹೊತ್ತು ಕೊನೆಯ ಸಲ ವಿಡಿಯೋ ನೋಡಿದರು. ಅಜ್ಜಿಯ ಬಾಣಲೆಯಲ್ಲಿ ಬೆಣ್ಣೆ ಥೇಟ್ ಅದೇ ಕಂದು ಬಣ್ಣದಲ್ಲಿತ್ತು, ಎಲೆಗಳು ಹಾಗೆಯೇ ಗರಿಗರಿಯಾಗಿ ತೇಲುತ್ತಿದ್ದವು. ಅವರು ಬಾಣಲೆ ನೋಡಿದರು, ಮೊಬೈಲ್ ನೋಡಿದರು, ಮರಿಯಮ್ಮನವರಿಗೆ ಕೈ ಮುಗಿದರು. ಮನೆತುಂಬ ಹೊಸ ತುಪ್ಪದ ಘಮ ಹಬ್ಬಿತು.

ನಾಲ್ಕಕ್ಕೆ ಮಂಡಳಿಯ ಆರು ಹೆಂಗಸರು ಬಂದರು. ಬೋರಣ್ಣನೂ ವಾಸನೆ ಹಿಡಿದು ಬಂದು ಬಾಗಿಲ ಬಳಿ ಕೂತರು. ಅರ್ಪಿತ ತಟ್ಟೆ ಹಂಚಿದಳು. ಮಂಡಳಿಯ ಅಧ್ಯಕ್ಷೆ ಇದುವರೆಗೆ ಯಾರ ಮನೆಯ ಪುಳಿಯೋಗರೆಯನ್ನೂ ಒಪ್ಪಿದವರಲ್ಲ. ಅವರು ಒಂದು ರವಿಯೋಲಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ರಾಮಪ್ರಸಾದರ ಮೂವತ್ತನಾಲ್ಕು ವರ್ಷದ ಕಾಫಿ ಆ ಎರಡು ದವಡೆಗಳ ನಡುವೆ ಇತ್ತು.

ಅಧ್ಯಕ್ಷೆ ಕಣ್ಣು ತೆರೆದು ತಟ್ಟೆ ಚಾಚಿದರು. "ಇನ್ನೊಂದ್ ನಾಲ್ಕು ಹಾಕಿ."

ಆಮೇಲೆ ತಡೆಯುವವರೇ ಇರಲಿಲ್ಲ. ಗರಿಗರಿ ನುಗ್ಗೆ ಎಲೆಗೆ ಇಬ್ಬರು ಜಗಳವಾಡಿದರು. ಒಬ್ಬರು ಬಾಣಲೆಯ ಗಸಿಯನ್ನು ಬೆರಳಿನಿಂದ ಬಳಿದರು. ಹುಟ್ಟಿದಾಗಿನಿಂದ ಮುದ್ದೆ ಉಂಡು ಬೆಳೆದ ಬೋರಣ್ಣ ಹನ್ನೆರಡು ರವಿಯೋಲಿ ಮುಗಿಸಿ ತೀರ್ಪು ಕೊಟ್ಟರು: "ನುಂಗಂಗಿಲ್ಲ, ಅಗೀಬೇಕು. ಅದೊಂದೇ ಕಷ್ಟ. ಮಿಕ್ಕಿದ್ದೆಲ್ಲಾ ಸಕತ್ತಾಗೈತೆ ರಾಯರೇ."

"ಎಲ್ಲಾ ಅಂಕಲ್‌ದೇ. ನಾವೇನೂ ಮಾಡಿಲ್ಲ" ಎಂದಳು ಅರ್ಪಿತ. ಮರಿಯಮ್ಮನೂ ಹೌದೆಂದು ತಲೆಯಾಡಿಸಿದರು. ಎಂಥ ದೊಡ್ಡ ಮನಸ್ಸು ಎಂದು ರಾಮಪ್ರಸಾದರ ಕಣ್ಣು ಒದ್ದೆಯಾಯಿತು. ಚಪ್ಪಾಳೆ ಬಿತ್ತು. ಅವರು ಲುಂಗಿ ಇಳಿಸಿಕೊಂಡು ಇಟಲಿಗೂ ಹೊಸಕೆರೆಹಳ್ಳಿಗೂ ಇರುವ ಸಂಬಂಧದ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದರು. ಮದುವೆಯ ದಿನವೂ ಅವರಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ.

"ಸೋತೆ ಕಣ್ರೀ" ಎಂದರು ವಾರಿಜಾ, ಎಲ್ಲರ ಎದುರಿಗೇ. ಸೋತವರ ಮುಖದಲ್ಲಿ ಅಷ್ಟು ಕಳೆ ಇರಬಾರದಿತ್ತು. ಆದರೆ ಗೆದ್ದವರು ಅದನ್ನೆಲ್ಲ ನೋಡುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಆರು ಗಂಟೆ. ರಾಮಪ್ರಸಾದರು ಹಾಸಿಗೆಯಲ್ಲೇ ಕಾಫಿಯ ವಾಸನೆಗೆ ಕಾದರು. ವಾಸನೆ ಬರಲಿಲ್ಲ. ಎದ್ದು ಬಂದು ನೋಡಿದರೆ ವಾರಿಜಾ ರೇಷ್ಮೆ ಅಂಚಿನ ಸೀರೆ ಉಟ್ಟು, ಜೋಳಿಗೆ ಹೆಗಲಿಗೆ ಹಾಕಿ ಚಪ್ಪಲಿ ಮೆಟ್ಟುತ್ತಿದ್ದರು.

"ಕಾಫಿ?"

ವಾರಿಜಾ ಕ್ಯಾಲೆಂಡರಿನ ಹಿಂದಿನಿಂದ ಪತ್ರ ತೆಗೆದು, ಶುಕ್ರವಾರ ಬೆರಳಿಟ್ಟಿದ್ದ ಜಾಗದಲ್ಲೇ ಬೆರಳಿಟ್ಟು ಓದಿದರು. "'ಸಕಲ ಹಕ್ಕು ಬಾಧ್ಯತೆಗಳೊಂದಿಗೆ, ಆಚಂದ್ರಾರ್ಕವಾಗಿ.' ಹನ್ನೊಂದು ಗಂಟೆ ಕಾಫಿ ಹಕ್ಕು. ಆರು ಗಂಟೆ ಕಾಫಿ, ತಿಂಡಿ, ಅಡುಗೆ, ಪಾತ್ರೆ, ಇವೆಲ್ಲಾ ಬಾಧ್ಯತೆ. ನೀವೇ ಬರೆದದ್ದು. ಎಷ್ಟು ಚೆನ್ನಾಗಿ ಬರೀತೀರಿ!"

"ಅದು... ಅದು ವಾಡಿಕೆ ಮಾತು ಕಣೇ! ಎಲ್ಲಾ ಪತ್ರದಲ್ಲೂ ಬರೀತೀವಿ!"

"ಸೈನೂ ಹಾಕಿದೀರಿ."

"ಅದೃಷ್ಟ ಕೈಕೊಟ್ಟು ನಾನು ಸೋತಿದ್ರೆ ನೀನೇನ್ ಮಾಡ್ತಿದ್ದೆ?"

"ಸೋಲೋಕೆ ಬಿಡ್ತಿದ್ನಾ?" ವಾರಿಜಾ ಮೊಬೈಲ್ ತೆರೆದು ಅವರ ಮುಖದ ಮುಂದೆ ಹಿಡಿದರು. ನಿನ್ನೆ ಒಂಬತ್ತಕ್ಕೆ ಶುರುವಾದ ಒಂದು ವಾಟ್ಸಾಪ್ ಗುಂಪು. ಸದಸ್ಯರು ಮೂವರು: ವಾರಿಜಾ, ಮರಿಯಮ್ಮ, ಅರ್ಪಿತ. 'ಹಿಟ್ಟು ನೀರಾಗಿದೆ. ಅರ್ಪಿತ, ರವೆ ತಗೊಂಡು ಓಡು.' 'ಮರಿಯಮ್ಮನೋರೇ, ಕಲ್ಲಿಗೆ ಅಂಟಿಸ್ಕೊಂಡಿದಾರೆ, ಲಟ್ಟಣಿಗೆ ತನ್ನಿ.' 'ಎಲೆ ಇಲ್ಲ. ನುಗ್ಗೆಸೊಪ್ಪು ಇದ್ಯಾ?'

ರಾಮಪ್ರಸಾದರು ಕುರ್ಚಿ ಎಳೆದುಕೊಂಡು ಮೂರನ್ನೂ ಇನ್ನೊಮ್ಮೆ ಓದಿದರು.

"ಈ ಅಡುಗೆಮನೆಗೆ ಬಂದು ಮೂವತ್ತಾರು ವರ್ಷ ಆಯ್ತು ರೀ" ಎಂದರು ವಾರಿಜಾ, ಈ ಸಲ ತಮಾಷೆ ಬಿಟ್ಟು. "ನಿಮಗೆ ರಿಟೈರ್ಮೆಂಟ್ ಸಿಕ್ತು. ನನಗೆ ಯಾರು ಕೊಡ್ತಾರೆ? ಜಯನಗರದಲ್ಲಿ ಸಂಗೀತದ ಕ್ಲಾಸಿಗೆ ಸೇರಿದೀನಿ, ದಿನಾ ಆರೂವರೆಯಿಂದ. ಪರೀಕ್ಷೆ ಕಟ್ತೀನಿ."

ಎಷ್ಟೋ ಜನರ ಆಸ್ತಿ ಭಾಗ ಮಾಡಿ ಬರೆದ ತಾವು ಮನೆಯ ಕೆಲಸದಲ್ಲಿ ಯಾರ ಪಾಲು ಎಷ್ಟು ಎಂದು ಒಮ್ಮೆಯೂ ಬರೆದಿರಲಿಲ್ಲ ಎಂಬುದು ರಾಮಪ್ರಸಾದರಿಗೆ ಚುರುಕ್ಕೆಂದಿತು. "ಹೋಗಿ ಬಾ" ಎಂದರು.

ಆರು ಗಂಟೆಯ ಕಾಫಿ ನೀರಾಯಿತು. ಉಪ್ಪಿಟ್ಟು ಗಂಟಾಯಿತು. ಹಟ ಬಿಡದೆ ಹಾಲಿಗೆ ಕಾವಲು ನಿಂತು, ಹತ್ತೂಮುಕ್ಕಾಲಿಗೆ ಹೊಸ ಪುಡಿ ಹಾಕಿ ಡಿಕಾಕ್ಷನ್ ಇಳಿಸಿದರು. ಈ ಸಲ ಹಾಲು ಉಕ್ಕಲಿಲ್ಲ. ಸರಿಯಾಗಿ ಹನ್ನೊಂದಕ್ಕೆ ನೊರೆಯೆದ್ದ ಘಮಘಮ ಕಾಫಿ ಸಿದ್ಧವಾಯಿತು. ಸ್ವಂತ ಅಡುಗೆಮನೆಯಲ್ಲಿ, ಸ್ವಂತ ಹಕ್ಕಿನಲ್ಲಿ, ಅವರು ಲೋಟ ಎತ್ತಿದರು.

ಬೆಲ್ ಆಯಿತು.

ವಾರಿಜಾ, ಮರಿಯಮ್ಮ, ಅರ್ಪಿತ, ಅವರ ಹಿಂದೆ ಮಂಡಳಿಯ ಅಧ್ಯಕ್ಷೆ. "ಏನ್ ಘಮ ರಾಯರೇ! ರವಿಯೋಲಿ ಮಾಡಿದ ಕೈ ಅಲ್ವಾ!" ಎನ್ನುತ್ತ ಎಲ್ಲರೂ ಒಳಬಂದು ಕೂತರು. ರಾಮಪ್ರಸಾದರ ಕೈಯಲ್ಲಿದ್ದ ಲೋಟ ಅಧ್ಯಕ್ಷೆಗೆ ಹೋಯಿತು. ಉಳಿದದ್ದು ಮೂರು ಲೋಟಗಳಿಗೆ ಹಂಚಿಹೋಯಿತು.

"ಸಖತ್ ಅಂಕಲ್!" ಎಂದಳು ಅರ್ಪಿತ. ಕಾಂಪೌಂಡಿನ ಆಚೆಯಿಂದ ಬೋರಣ್ಣನ ದನಿ ಬಂತು: "ರಾಯರೇ, ಇವತ್ತೂ ಆ ಬೆಣ್ಣೆ ಕಡುಬು ಐತಾ?"

"ಐತೆ ಬೋರಣ್ಣ, ಬನ್ನಿ!" ಎಂದು ರಾಮಪ್ರಸಾದರ ಬಾಯಿಂದ ಬಂದೇಬಿಟ್ಟಿತು, ಅದೂ ಎದೆಯುಬ್ಬಿಸಿಕೊಂಡು. ಹೇಳಿದ ಮೇಲೆ ಮೈದಾ ಡಬ್ಬಿ ಇಳಿಸಿದರು. ಇಳಿಸುವಾಗ ಫಿಲ್ಟರನ್ನು ಎತ್ತಿ ಅಲ್ಲಾಡಿಸಿ ನೋಡಿದರು.

ವಾರಿಜಾ ಕಾಫಿ ಗುಟುಕರಿಸುತ್ತ ನಡುಮನೆಯಿಂದಲೇ ಕೂಗಿದರು. "ನೀವೂ ಕುಡೀರಿ ರೀ, ಯಾರೂ ಬೇಡ ಅನ್ನಲ್ಲ. ಡಿಕಾಕ್ಷನ್ ಉಳಿದಿದ್ರೆ."