ಕಣ್ಣು ತೆರೆಯದ ಸರಸ್ವತಿ

ಅಮರನಾಥಾಚಾರಿಯ ಗ್ರಹಚಾರ ಕೆಟ್ಟದ್ದು ಪಕ್ಕದ ಮನೆ ಗೋಪಿಯ ಮೊಬೈಲಿನಿಂದ. ಬೆಳಗಿನ ಕಾಫಿ ಇನ್ನೂ ಬಾಯಿಗಿಟ್ಟಿರಲಿಲ್ಲ, ಗೋಪಿ ಓಡಿಬಂದ. "ಅಣ್ಣಾ, ನಿಮ್ಮ ಮುತ್ತಾತ ಇಂಟರ್‌ನೆಟ್ಟಲ್ಲಿ ಬಂದವ್ರೆ!"

ಬಂದದ್ದೇನೋ ನಿಜ, ಮೋಸಗಾರನೆಂದು. 1886ರಲ್ಲಿ ಆ ಮುತ್ತಾತ, ಶಿವಾರಪಟ್ಟಣದ ಶಿಲ್ಪಿ ಸೊಣ್ಣಪ್ಪಾಚಾರಿ, ಹಾಲೆಂಡಿನ ಒಂದು ಮ್ಯೂಸಿಯಮ್ಮಿಗೆ ಕಲ್ಲಿನ ಸರಸ್ವತಿ ಕಳಿಸಿದ್ದ. ಅವರು ಕಾಸು ಬಿಚ್ಚಲಿಲ್ಲ. ಈತ ಸರ್ಕಾರದ ಮೂಲಕ ಪರಿಹಾರ ಕೇಳಿದ. 'ವಿಗ್ರಹಕ್ಕೆ ಕಣ್ಣೇ ಇಲ್ಲ. ಅರ್ಧ ಕೆಲಸಕ್ಕೆ ಪೂರ್ತಿ ಹಣ ಕೇಳುವ ವಂಚಕ' ಎಂದು ಬರೆದು ಅವರು ಕೈತೊಳೆದುಕೊಂಡರು. ಆ ಕಾಗದಗಳನ್ನೆಲ್ಲ ಈಗ ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ್ದರು.

ಅದನ್ನು ನರಸಾಪುರದ ದೇವಸ್ಥಾನ ಸಮಿತಿಯ ಅಧ್ಯಕ್ಷ ನಂದಕುಮಾರ್ ಕೂಡ ಓದಿಬಿಟ್ಟಿದ್ದರು. ಒಂಬತ್ತು ಅಡಿ ಆಂಜನೇಯನ ಆರ್ಡರು ಅವರದು, ಎರಡು ವರ್ಷದಲ್ಲಿ ಆಚಾರಿಗೆ ಸಿಕ್ಕ ಒಂದೇ ದೊಡ್ಡ ಕೆಲಸ. ಫೋನು ಬಂತು.

"ಆಚಾರ್ರೇ, ಸಾಯಂಕಾಲ ಅಡ್ವಾನ್ಸ್ ಕೊಡೋಕೆ ಬರ್ತೀನಿ. ಅಷ್ಟರಲ್ಲಿ ಈ ಮೋಸದ ವಿಷಯ ಕ್ಲಿಯರ್ ಮಾಡಿ. ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೊತೀವಿ."

"ಅಯ್ಯೋ ದೇವುಡಾ!" ಎಂದಳು ಹೆಂಡತಿ ಶ್ಯಾಮಲಮ್ಮ. "ಕಣ್ಣು ತೆರೆಸೋದು ಕೊನೇಲಿ, ಪ್ರತಿಷ್ಠೆ ದಿನ ಅಲ್ವೇನ್ರೀ? ಆ ಹಾಲೆಂಡಿನೋರಿಗೆ ಹೇಳ್ರೀ!"

ಮ್ಯೂಸಿಯಮ್ಮಿಗೆ ಈಮೇಲ್ ಬರೆದು ಹೇಳುವ ಹೊಣೆಯನ್ನು ಗೋಪಿ ಹೊತ್ತುಕೊಂಡ. ಬೀದಿಯವರೆಲ್ಲ ಜಗುಲಿ ಹತ್ತಿದರು. ಒಬ್ಬರು ಶಾಸ್ತ್ರ ಸೇರಿಸು ಅಂದರು, ಇನ್ನೊಬ್ಬರು ಸ್ವಲ್ಪ ಶಾಪವೂ ಇರಲಿ ಅಂದರು.

"ಬೇಡ ಕಣೋ, ಮೋಸಗಾರ ಅಲ್ಲ ಅಂತ ಒಂದು ಸಾಲು ಬರಿ ಸಾಕು," ಎಂದು ಆಚಾರಿ ಅಂಗಲಾಚಿದ.

"ನೀವು ಸುಮ್ನಿರಣ್ಣ, ಗಟ್ಟಿಯಾಗಿ ಬರೀಬೇಕು. 'ಕಣ್ಣು ತೆರೆಸೋವರೆಗೂ ಕೆಲಸ ಮುಗಿದಂಗಲ್ಲ. ಅದನ್ನ ನಮ್ಮ ವಂಶದೋರೇ ತೆರೆಸ್ಬೇಕು, ಬೇರೆಯೋರು ಉಳಿ ಮುಟ್ಟಿಸಂಗಿಲ್ಲ.' ಹೆಂಗೆ?"

ಜಗುಲಿ ಭೇಷ್ ಅಂದಿತು. ಗೋಪಿ ಕಳಿಸಿಯೇಬಿಟ್ಟ.

ಮಧ್ಯಾಹ್ನ ಆಚಾರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ. ಈ ಕೆಲಸ ತಪ್ಪಿದರೆ ಉಳಿ ಸುತ್ತಿಗೆ ಕಟ್ಟಿಟ್ಟು, ಐವತ್ತೆರಡನೇ ವಯಸ್ಸಿನಲ್ಲಿ ಕಂಪನಿ ಬಸ್ಸು ಹತ್ತಿ ಯಾವುದೋ ಗೇಟು ಕಾಯಬೇಕು. ನೆನೆದರೇ ಅಳು ಬರುತ್ತಿತ್ತು.

ಐದು ಗಂಟೆಗೆ ನಂದಕುಮಾರ್ ಬಂದು ಕೂತರು. ಅದೇ ಹೊತ್ತಿಗೆ ಉತ್ತರವೂ ಬಂತು. ಗೋಪಿ ಎಲ್ಲರೆದುರು ಕನ್ನಡದಲ್ಲಿ ಓದಿ ಹೇಳಿದ.

"'ನಿಮ್ಮ ವಿವರಣೆ ಒಪ್ಪಿದ್ದೇವೆ. ಸೊಣ್ಣಪ್ಪಾಚಾರಿ ವಂಚಕರಲ್ಲ. ಕ್ಷಮೆಯಿರಲಿ.'"

ಜಗುಲಿ ಚಪ್ಪಾಳೆ ತಟ್ಟಿತು. ಶ್ಯಾಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಚಾರಿ ಬೆಳಗಿನಿಂದ ಮೊದಲ ಸಲ ಉಸಿರುಬಿಟ್ಟ.

"ತಡೀರಿ, ಇನ್ನೂ ಐತೆ," ಎಂದ ಗೋಪಿ. ಅವನ ದನಿ ಇಳಿಯುತ್ತಾ ಬಂತು. "'ನೀವೇ ಹೇಳಿದಂತೆ ಕೆಲಸ ಮುಗಿದಿಲ್ಲ, ಬೇರೆಯವರು ಮುಗಿಸುವಂತೆಯೂ ಇಲ್ಲ. ಒಪ್ಪಂದದ ಗಡುವು 1887. ಈ ವಿಳಂಬಕ್ಕೆ ನಿಮ್ಮ ವಂಶ ನಮಗೆ ಕೊಡಬೇಕಾದ ಪರಿಹಾರದ ಬಗ್ಗೆ ನಮ್ಮ ವಕೀಲರು ಬರೆಯುತ್ತಾರೆ. ಕಣ್ಣು ತೆರೆಸಲು ಯಾವಾಗ ಬರುತ್ತೀರಿ?'"

ನಂದಕುಮಾರ್ ಅಡ್ವಾನ್ಸಿನ ಕವರನ್ನು ಮೆಲ್ಲಗೆ ಜೇಬಿಗಿಳಿಸಿ ಎದ್ದರು.

"ಮೋಸ ಇಲ್ಲ ಅಂತ ಒಪ್ಪಿದೆ ಆಚಾರ್ರೇ," ಎಂದರು ಚಪ್ಪಲಿ ಮೆಟ್ಟುತ್ತಾ. "ಆದ್ರೆ ನೂರ ಮೂವತ್ತು ಚಿಲ್ರೆ ವರ್ಷ ಲೇಟಾ? ನಮ್ಮ ಪ್ರತಿಷ್ಠೆ ಯುಗಾದಿಗೆ ಐತೆ."