ನಮ್ಮ ಮಾವನ ಪತ್ರಿಕಾಪುರಾಣ

ನನ್ನ ಸೋದರಮಾವನಿಗೆ ಈ ಭೂಮಿಯ ಮೇಲೆ ಇರುವುದು ಒಂದೇ ಊರು. ಅದು ಅವರು ಹುಟ್ಟಿದ ಮೈಸೂರಲ್ಲ, ಅತ್ತೆ ಹೋದ ಮೇಲೆ ಮಗಳ ಜೊತೆ ಬಂದಿರುವ ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರೂ ಅಲ್ಲ! ಕೆನಡಾದಲ್ಲಿ, ಗೋಧಿಹೊಲಗಳ ನಡುವೆ, ಅವರು ರಿಟೈರ್ ಆಗುವವರೆಗೂ ಡಾಕ್ಟರಾಗಿದ್ದ ಒಂದು ನಗರ. ಅಲ್ಲಿನ ಪತ್ರಿಕೆಗಳ ಚರಿತ್ರೆ ಮಾವನಿಗೆ ಬಾಯಿಪಾಠ. ನಮಗೂ ಬಾಯಿಪಾಠ, ವಿಧಿಯೇ ಇಲ್ಲವಲ್ಲ!

ಸತ್ಯನಾರಾಯಣ ಪೂಜೆಗೆ ಕರೆದರೆ ಪುರೋಹಿತರು ಐದನೇ ಅಧ್ಯಾಯ ಮುಗಿಸುವಷ್ಟರಲ್ಲಿ ಮಾವ ಆರನೆಯದನ್ನು ಶುರು ಮಾಡಿರುತ್ತಾರೆ. ರೈಲಿನಲ್ಲಿ ಅಚ್ಚಿನ ಯಂತ್ರ ತಂದವನು ಯಾರು, ಬೆಳಗಿನ ಪತ್ರಿಕೆಗೂ ಸಂಜೆ ಪತ್ರಿಕೆಗೂ ಯಾಕೆ ಹಾವು ಮುಂಗುಸಿ ಜಗಳ, ಕೊನೆಗೆ ಬೆಳಗಿನದು ಸಂಜೆಯದನ್ನು ನುಂಗಿ ನೀರು ಕುಡಿದದ್ದು ಹೇಗೆ! ಪ್ರಸಾದ ಬಾಯಲ್ಲಿಟ್ಟುಕೊಂಡು "ಹೌದಾ ಅಂಕಲ್?" ಎಂದವರು ಕೆಟ್ಟರು.

ಉಳಿದ ಆ ಒಂದೇ ಪತ್ರಿಕೆಯೂ ಸೊರಗಿ ವಾರಕ್ಕೊಮ್ಮೆ ಬರತೊಡಗಿತು. ಸುದ್ದಿ ಸಾಲದೆ ಸಾಯುತ್ತಿದೆ ಎಂದು ಮಾವ ಕಾಯಿಲೆ ಪತ್ತೆ ಮಾಡಿದರು. ಔಷಧಿಯೂ ಅವರದೇ: ಇಲ್ಲಿಂದಲೇ ಸುದ್ದಿ ಕಳಿಸುವುದು! ಆ ಪತ್ರಿಕೆಯಲ್ಲಿ ಯಾರು ಯಾರ ಮನೆಗೆ ಹೋದರು, ಏನು ತಿಂದರು ಎಂಬುದಕ್ಕೇ ಒಂದು ಅಂಕಣವಿದೆ. ಅದಕ್ಕೆ ಮಾವ ನ್ಯೂಜೆರ್ಸಿ ವರದಿಗಾರ.

"ನಮ್ಮ ಸೋದರಿಯ ಮಗಳು ಭಾನುವಾರ ಪಕ್ಕದ ರಾಜ್ಯದ ಜೆರಿಕೋ ಊರಿನ ಗೆಳತಿಯ ಮನೆಗೆ ಡ್ರೈವ್ ಮಾಡಿಕೊಂಡು ಹೋದಳು. ಬಿಸಿಬೇಳೆಬಾತ್‌ಗೆ ಉಪ್ಪು ಜಾಸ್ತಿಯಾಗಿತ್ತು."

ಪುಣ್ಯಾತ್ಮ ಸಂಪಾದಕ ಅದನ್ನೂ ಅಚ್ಚು ಹಾಕಿದ! ಮಾವ ಅದನ್ನು ಕನ್ನಡದವರ ವಾಟ್ಸ್ಯಾಪ್ ಗುಂಪಿಗೂ ಹಾಕಿದರು. ಗೆಳತಿ ನನ್ನ ಫೋನ್ ಎತ್ತುವುದನ್ನೇ ಬಿಟ್ಟಳು.

"ಅಲ್ಲ ಮಾವ, ಗೋಧಿ ಬೆಳೆಯೋರಿಗೆ ಆ ಉಪ್ಪಿನ ವಿಷಯ ಯಾಕೆ?"

"ಲೇ, ಊರು ಅಂದ್ರೆ ಇನ್ನೇನೇ? ನೀನು ಎಲ್ಲಿ ಹೋದೆ, ಏನು ತಿಂದೆ ಅಂತ ನಾಲ್ಕು ಜನಕ್ಕೆ ಗೊತ್ತಿರಬೇಕು."

ಮುಂದಿನ ವಾರ ಅಲ್ಲಿನ ಅಜ್ಜಿಯೊಬ್ಬರು ಪತ್ರಿಕೆಗೇ ಬರೆದು ವಿಚಾರಿಸಿದ್ದರು: ಈಗ ಉಪ್ಪು ಸರಿಹೋಯಿತೇ? ನನಗೆ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಮಾವನಿಗೆ ಅಷ್ಟು ದೂರದಲ್ಲಿ ಯಾರಿಗೆ ಮೊಣಕಾಲು ನೋವು ಎಂಬುದೂ ಗೊತ್ತು. ನಗುತ್ತೇನೆ ನಿಜ, ಆದರೆ ಇಂಥವರು ಮನೆಗೊಬ್ಬರಿರಬೇಕು ಅನಿಸುತ್ತದೆ.

ಮಾವನ ಔಷಧಿ ನಾಟಲಿಲ್ಲ. ಈ ತಿಂಗಳ ಕೊನೆಗೆ ಪತ್ರಿಕೆ ನಿಲ್ಲುತ್ತದೆಂದು ಸಂಪಾದಕ ತಿಳಿಸಿದ. ಸಮಾಧಾನ ಹೇಳೋಣವೆಂದು ಹೋದರೆ ಮಾವ ತೋಳಿಗೆ ಬಿಪಿ ಪಟ್ಟಿ ಸುತ್ತಿಕೊಂಡು ಕೂತಿದ್ದರು.

"ನಾರ್ಮಲ್ ಕಣೇ," ಎಂದರು, ಪರೀಕ್ಷೆಯಲ್ಲಿ ಫೇಲಾದವರ ಹಾಗೆ ಮುಖ ಮಾಡಿಕೊಂಡು.

"ಒಳ್ಳೇದೇ ಆಯ್ತಲ್ಲ ಮಾವ!"

"ಏನು ಒಳ್ಳೇದು? ನಿಮ್ಮತ್ತೆ ಹೋದಾಗ ಪೇಪರ್‌ನಲ್ಲಿ ಹಾಕಿದ್ರು. ಅಂಥಾ ಸ್ನೋನಲ್ಲೂ ಊರಿಗೆ ಊರೇ ಬಂತು. ನಂದೂ ಅದರಲ್ಲೇ ಬರ್ಲಿ ಅಂತಿದ್ದೆ. ಇನ್ಮೇಲೆ ನಾನು ಹೋದ್ರೆ ಅವರಿಗೆಲ್ಲ ಯಾರೇ ಹೇಳ್ತಾರೆ?"

ನಗಲು ಬಾಯಿ ತೆರೆದವಳು ಅತ್ತುಬಿಟ್ಟೆ. "ನಾನು ಹೇಳ್ತೀನಿ ಮಾವ. ಒಂದೊಂದು ಮನೆಗೂ ಫೋನ್ ಮಾಡಿ ಹೇಳ್ತೀನಿ."

ಮಾವ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಪಟ್ಟಿ ಬಿಚ್ಚಿದರು.

"ಹಾಗಾದ್ರೆ ಅವಸರ ಇಲ್ಲ ಬಿಡು," ಎಂದರು.